ಅತ್ತೆಗೆ ಸಮುದ್ರ ತೋರಿಸಿದ್ದು

ನಾನು ಹುಟ್ಟಾ ಧೈರ್ಯವಂತ. ಇದು ನನ್ನೊಬ್ಬನ ಅಭಿಪ್ರಾಯವಲ್ಲ. ಮದರಾಸಿಗೆ ಹೋಗುವ ತನಕ ನನ್ನ ಹೆಂಡತಿಯೂ ಹಾಗೇ ತಿಳಿದಿದ್ದಳು.

ಆಗ ನಮ್ಮ ಯಾದಗಿರಿ ನಿಜಾಮ ಸರ್ಕಾರದಲ್ಲಿತ್ತು. ನಾನು ಅಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತ. ಮೈಮೇಲೆ ಕರಿ ಶೇರವಾನಿ, ತಲೆಮೇಲೆ ಗೊಂಡೆ ತೂಗಾಡುವ ಕೆಂಪು ರೂಮಿ ಟೋಪಿ, ಬಾಯಲ್ಲಿ ಕಚೇರಿಯ ಉರ್ದು. ಇಷ್ಟು ಇದ್ದ ಮನುಷ್ಯನಿಗೆ ಜಗತ್ತಿನಲ್ಲಿ ಇನ್ಯಾರ ಭಯ? ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆಯುತ್ತಿದೆ ಎಂದು ಕೇಳಿದ್ದೆ. ಅದಕ್ಕೂ ನಮಗೂ ಇರುವ ಸಂಬಂಧ ಪೇಟೆಯಲ್ಲಿ ಸೀಮೆಎಣ್ಣೆ ಸಿಗದಿರುವುದಷ್ಟೇ ಎಂದು ನಂಬಿದ್ದೆ.

ಆ ಬೇಸಿಗೆಯಲ್ಲಿ ಸುರಪುರದಿಂದ ನಮ್ಮ ಅತ್ತೆ ಬಂದರು. ನನ್ನ ಹೆಂಡತಿ ನೀಲಮ್ಮನ ತಾಯಿ. ಕಡ್ಡಿಯಂಥ ದೇಹ, ನಗಾರಿಯಂಥ ದನಿ. ಒಂದು ಸಂಜೆ ಇಬ್ಬರನ್ನೂ ಭೀಮಾ ನದಿಗೆ ಕರೆದುಕೊಂಡು ಹೋದೆ. ಬೇಸಿಗೆಯ ಭೀಮೆ. ಅತ್ತೆ ನಡುಹೊಳೆಯ ತನಕ ನಡೆದುಹೋಗಿ, ಸೀರೆಯ ಅಂಚು ತೋಯದೆ ತಿರುಗಿ ಬಂದರು.

“ಇಷ್ಟ ಏನ್ರಿ ಅಳಿಯಾರ ನಿಮ್ಮ ಹೊಳಿ? ನಮ್ಮ ಸುರಪುರದ ಬಾವ್ಯಾಗ ಇದಕ್ಕಿಂತ ಹೆಚ್ಚು ನೀರ ಅದಾವ.”

ಊರಿನ ಮಾನದ ಪ್ರಶ್ನೆ! ಹೊಳೆಗೆ ನೀರು ತರುವುದು ನನ್ನ ಕೈಲಿರಲಿಲ್ಲ. ನನ್ನ ನಾಲಿಗೆಯೂ ನನ್ನ ಕೈಲಿರಲಿಲ್ಲ.

“ನೀರ ನೋಡಬೇಕಂದ್ರ ಸಮುದ್ರ ನೋಡಬೇಕ್ರಿ ಅತ್ತೀ! ಈ ವಾರ ಮದರಾಸಿಗೆ ಹೋಗೂಣು.”

“ನೀವು ನೋಡೀರೇನು?”

“ಹೂಂ ಮತ್ತ!” ಎಂದೆ. ನಾನು ಅಲ್ಲಿಯವರೆಗೆ ರಾಯಚೂರು ದಾಟಿದವನಲ್ಲ.

ನಿಜಾಮ ಸರ್ಕಾರದಲ್ಲಿ ವಾರದ ರಜೆ ಶುಕ್ರವಾರ. ಅದಕ್ಕೆ ಅಂಟಿಕೊಂಡು ಶನಿವಾರ ಒಂದು ಹಬ್ಬ ಬಂದಿತ್ತು. ಗುರುವಾರ ಮಧ್ಯಾಹ್ನ ಕಚೇರಿ ಮುಚ್ಚಿದ ಕೂಡಲೆ ಸ್ಟೇಷನ್ನಿಗೆ ಹೋದೆವು. ಟಿಕೆಟ್ ಕೊಡುವವನು, “ಮದರಾಸಿಗೇನ್ರಿ? ಈಗೇನ್ರಿ?” ಎಂದು ತಿರುತಿರುಗಿ ಕೇಳಿದ. ನನ್ನ ಟೋಪಿ ನೋಡಿ ಬೆರಗಾಗಿದ್ದಾನೆ ಎಂದುಕೊಂಡೆ.

ಗಾಡಿ ಬಂತು. ಡಬ್ಬಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ! ನೀಲಮ್ಮ ಒಂದು ಬೆಂಚಿನ ಮೇಲೆ ಮಲಗಿದಳು, ಅತ್ತೆ ಇನ್ನೊಂದರ ಮೇಲೆ. ನಾನು ಮೂರನೆಯದರ ಮೇಲೆ ಕಾಲು ಚಾಚಿ, “ನೋಡಿದ್ರೇನು, ನಮ್ಮ ನಸೀಬು!” ಎಂದೆ.

ರಾಯಚೂರಿನಲ್ಲಿ ಮದರಾಸಿನ ಕಡೆಯಿಂದ ಇನ್ನೊಂದು ಗಾಡಿ ಬಂದು ಪಕ್ಕದಲ್ಲಿ ನಿಂತಿತು. ಅದರಲ್ಲಿ ಜನ ಕಿಟಕಿಯಿಂದ ಹೊರಗೆ ಸುರಿಯುತ್ತಿದ್ದರು. ಬಾಗಿಲಿಗೆ ಜನ, ಮೆಟ್ಟಿಲಿಗೆ ಜನ. ಟ್ರಂಕು, ತೊಟ್ಟಿಲು, ಹಾಸಿಗೆ ಸುರುಳಿ, ಕೋಳಿಬುಟ್ಟಿ.

ಅತ್ತೆ ಎದ್ದು ಕೂತರು. “ಅಳಿಯಾರ, ಇವರೆಲ್ಲ ಎಲ್ಲಿಂದ ಓಡಿ ಬರಾಕತ್ತಾರ?”

“ಅಲ್ಲೇನೋ ಜಾತ್ರಿ ಮುಗದದ್ರಿ. ಹೊಳ್ಳಿ ಹೊಂಟಾರ.”

“ಜಾತ್ರಿಗೆ ಬೀಸುಕಲ್ಲು ತಗೊಂಡು ಹೋಗಿದ್ರೇನು?”

ನೋಡಿದೆ. ಒಬ್ಬಾಕೆಯ ತೊಡೆಯ ಮೇಲೆ ಖರೇನೇ ಬೀಸುಕಲ್ಲು ಇತ್ತು! ನಾನು ಕೆಳಗಿಳಿದು ಚಹಾ ಮಾರುವವನನ್ನು ವಿಚಾರಿಸಿದೆ.

“ಜಪಾನದವ್ರು ಬರಾಕತ್ತಾರಂತ್ರಿ,” ಎಂದ ಅವನು. “ಇಮಾನದಾಗ ಬಂದು ಬಾಂಬ್ ಒಗೀತಾರಂತ. ಮದರಾಸ್ ಪೂರಾ ಖಾಲಿ ಆಗಾಕತ್ತದ. ನೀವು ಎಲ್ಲಿಗೆ ಹೊಂಟೀರಿ?”

“ಮದರಾಸಿಗೆ.”

ಅವನು ನನ್ನ ಮುಖ ನೋಡಿದ. ಆಮೇಲೆ ಚಹಾದ ಗ್ಲಾಸನ್ನು ಎರಡೂ ಕೈಯಿಂದ ಹಿಡಿದು ಕೊಟ್ಟು, “ಕುಡೀರಿ, ರೊಕ್ಕ ಬ್ಯಾಡ,” ಎಂದ. ಬಾಂಬಿನ ಸುದ್ದಿ ನನ್ನನ್ನು ಅರ್ಧ ಮಾತ್ರ ಹೆದರಿಸಿತ್ತು. ಸ್ಟೇಷನ್ನಿನ ಚಹಾದವನು ರೊಕ್ಕ ಬೇಡ ಅಂದದ್ದು ಪೂರ್ತಿ ಹೆದರಿಸಿತು!

ಇದನ್ನು ಹೆಂಗಸರಿಗೆ ಹೇಳಿ ಅಲ್ಲೇ ಇಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಅತ್ತೆಯನ್ನು ಕಾಣದವರು ಕೇಳುವ ಪ್ರಶ್ನೆ ಅದು. ಅವರು ಸುರಪುರಕ್ಕೆ ಹೋಗಿ, “ನಮ್ಮ ಅಳಿಯಾರು ರಾಯಚೂರ ತನಕ ಭಾಳ ಧೈರ್ಯವಂತ್ರು,” ಅನ್ನುತ್ತಿದ್ದರು. ಬಾಂಬಾದರೆ ಒಂದೇ ಸಲ ಬೀಳುತ್ತದೆ. ಆ ಮಾತು ದಿನಾ ಬೀಳುತ್ತದೆ!

ಆದ್ದರಿಂದ ಗೌರವಯುತವಾಗಿ ಹಿಂದಿರುಗುವ ಉಪಾಯ ಹುಡುಕಿದೆ. ಡಬ್ಬಿಗೆ ಬಂದು ಹೊಟ್ಟೆ ಹಿಡಿದುಕೊಂಡು ಬಿದ್ದೆ. “ಅಯ್ಯೋ, ಹೊಟ್ಟಿ! ಇಳದು ಊರಿಗೆ ಹೋಗೂಣು!”

ನೀಲಮ್ಮ ಗಾಬರಿಯಾದಳು. ಅತ್ತೆ ಆಗಲಿಲ್ಲ. ಸೆರಗಿನ ಗಂಟು ಬಿಚ್ಚಿ ಅಜವಾನ, ಒಣಶುಂಠಿ, ಮೆಣಸು ತೆಗೆದು, ಲೋಟದ ತಳದಿಂದ ಜಜ್ಜಿ, ನನ್ನ ಮೂಗು ಹಿಡಿದು ಬಾಯಿಗೆ ಸುರಿದರು. ಕಿವಿಯಿಂದ ಹೊಗೆ ಬಂದಂತಾಯಿತು.

“ಈಗ ಹೆಂಗದ್ರಿ? ಇನ್ನೊಂದೀಟು ಕೊಡ್ಲೇನು?”

“ಬ್ಯಾಡ್ರಿ! ಆರಾಮ ಆತು!”

ಗಾಡಿ ತುಂಗಭದ್ರೆ ದಾಟಿತು. ನಿಜಾಮ ಸರ್ಕಾರ ಅಲ್ಲಿಗೆ ಮುಗಿಯಿತು. ನನ್ನ ಧೈರ್ಯದ ಸರಹದ್ದೂ ಅಲ್ಲೇ ಇತ್ತು.

ಬೆಳಿಗ್ಗೆ ಮದರಾಸಿನಲ್ಲಿ ಇಳಿದೆವು. ಸ್ಟೇಷನ್ನಿನ ಒಳಗೆ ಬರುವ ಜನರನ್ನು ಸೀಳಿಕೊಂಡು ಹೊರಗೆ ಹೋದವರು ನಾವು ಮೂವರೇ. ಬೀದಿಗೆ ಬಂದರೆ ಅಂಗಡಿಗಳೆಲ್ಲ ಮುಚ್ಚಿದ್ದವು. ದೊಡ್ಡ ಕಟ್ಟಡಗಳ ಮುಂದೆ ಮರಳಿನ ಚೀಲ ಒಟ್ಟಿದ್ದರು.

“ಎಷ್ಟ ಹಸನ ಊರರೀ!” ಎಂದಳು ನೀಲಮ್ಮ. “ಗದ್ದಲಾನ ಇಲ್ಲ.”

“ಮನಿಗೆಲ್ಲ ಕೀಲಿ ಯಾಕ ಹಾಕ್ಯಾರ?” ಎಂದರು ಅತ್ತೆ.

“ಇಲ್ಲಿ ಮಂದಿ ತಡಾ ಮಾಡಿ ಏಳ್ತಾರ್ರಿ,” ಎಂದೆ.

ಹುಡುಕಾಡಿ ಒಂದು ಧರ್ಮಶಾಲೆ ಕಂಡೆವು. ಕಾವಲುಗಾರನ ಮುಂದೆ ನಾನು ಟೋಪಿ ಸರಿಮಾಡಿಕೊಂಡು, ಶುದ್ಧವಾದ ಉರ್ದುವಿನಲ್ಲಿ, ತಮ್ಮ ಸನ್ನಿಧಿಯಲ್ಲಿ ತಂಗಲು ಸ್ಥಳಾವಕಾಶ ದೊರೆಯಬಹುದೇ ಎಂದು ನಿವೇದಿಸಿಕೊಂಡೆ. ಅವನು ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಅತ್ತೆ ನನ್ನನ್ನು ಪಕ್ಕಕ್ಕೆ ತಳ್ಳಿ, ಅಂಗೈ ಮೇಲೆ ಕೆನ್ನೆ ಇಟ್ಟು, “ತಮ್ಮಾ, ಮಲಗಾಕ ಜಾಗಾ ಅದ ಏನೋ?” ಎಂದರು. ಅವನು ನಕ್ಕು ಕೀಲಿ ಗೊಂಚಲನ್ನೇ ಕೊಟ್ಟ. ಕುಡಿಯಲು ಮಜ್ಜಿಗೆಯನ್ನೂ ತಂದ. ನನ್ನ ಲೋಟವನ್ನು ಮಾತ್ರ ದೂರದಲ್ಲಿ ಇಟ್ಟು ಹೋದ.

ಬಿಸಿಲು ಇಳಿಯುವ ಹೊತ್ತಿಗೆ ಸಮುದ್ರಕ್ಕೆ ಹೊರಟೆವು. ಹೆಂಗಸರು ಎಡಬಲ ನೋಡುತ್ತ ನಡೆದರು. ನಾನು ಮೇಲೆ ನೋಡುತ್ತ ನಡೆದೆ.

“ಏನ್ರಿ ಮುಗಲಾಗ ನೋಡಾಕತ್ತೀರಿ?”

“ಹವಾ ಹೆಂಗದ ಅಂತ.”

ಅಷ್ಟರಲ್ಲಿ ಒಂದು ಹದ್ದು ತಲೆಯ ಮೇಲೆ ಹಾದುಹೋಯಿತು. ನಾನು ನಡುರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟೆ!

“ಏನಾತ್ರಿ?”

“ಚಪ್ಪಲಿ ಬಾರ ಸಡ್ಲ ಆತು.” ನನ್ನ ಕಾಲಲ್ಲಿ ಬೂಟು ಇದ್ದವು.

ಸಮುದ್ರ ಬಂತು. ಚಪ್ಪಲಿ, ಗಂಟು ಎಲ್ಲ ದಂಡೆಯಲ್ಲಿ ಬಿಟ್ಟು ಹೆಂಗಸರಿಬ್ಬರೂ ಬರಿಗಾಲಲ್ಲಿ ನೀರಿಗೆ ಹೋದರು. ಅತ್ತೆ ಅರಿಷಿಣ ಕುಂಕುಮ ಏರಿಸಿ ಕೈಮುಗಿದರು. ಬಹಳ ಹೊತ್ತು ಸುಮ್ಮನೆ ನಿಂತರು. ಆ ನಗಾರಿ ಸುಮ್ಮನಾದದ್ದನ್ನು ನಾನು ಅಂದೇ ಮೊದಲು ಕಂಡದ್ದು.

“ಅಳಿಯಾರ, ಇದರ ಆಚಿ ದಂಡಿ ಎಲ್ಲದ?”

“ಇಲ್ಲರೀ ಅತ್ತೀ. ಕಾಣೂದಿಲ್ಲ.”

“ಯವ್ವಾ, ಎಷ್ಟ ನೀರು!” ಎಂದು ಸಣ್ಣ ದನಿಯಲ್ಲಿ ಅಂದರು. ಬಂದದ್ದು ಸಾರ್ಥಕವಾಯಿತು ಎಂದು ನನಗೂ ಅನಿಸಿತು. ಒಂದು ಗಳಿಗೆ ಆಕಾಶ ನೋಡುವುದನ್ನು ಮರೆತೆ.

ಆ ಗಳಿಗೆಯಲ್ಲೇ, ವಿಮಾನ ಬಂತೆಂದು ಸಾರುವ ಭೋಂಗಾ ಕೂಗಿತು!

ಅಂಥ ಕೂಗು ನಾನು ಹಿಂದೆಂದೂ ಕೇಳಿರಲಿಲ್ಲ. ಊರಿಗೇ ಹೊಟ್ಟೆನೋವು ಬಂದು ನರಳಿದಂತಿತ್ತು. ಜನ ದಿಕ್ಕಾಪಾಲಾಗಿ ಓಡಿದರು. ಇಲ್ಲಿ ನನ್ನ ಶೌರ್ಯವನ್ನು ದಯವಿಟ್ಟು ಗಮನಿಸಬೇಕು. ನಾನು ಒಬ್ಬನೇ ಓಡಲಿಲ್ಲ. ನೀಲಮ್ಮನ ಹಸಿರು ಸೀರೆ ಕಂಡಿತು, ಗಪ್ಪನೆ ಅವಳ ಕೈ ಹಿಡಿದೆ, ಎಳೆದುಕೊಂಡು ಓಡಿದೆ, ಮರಳಲ್ಲಿ ತೋಡಿದ್ದ ಒಂದು ಉದ್ದನೆಯ ತೆಗ್ಗಿನಲ್ಲಿ ಹಾರಿ ಬಿದ್ದು, ಕಣ್ಣು ಮುಚ್ಚಿ ಅವಳಿಗೆ ಅಡ್ಡವಾಗಿ ಮಲಗಿದೆ.

“ಹೆದರಬ್ಯಾಡ! ನಾ ಅದೀನಿ!”

ಉತ್ತರ ತಮಿಳಿನಲ್ಲಿ ಬಂತು.

ಕಣ್ಣು ತೆರೆದೆ. ನನ್ನ ತಾಯಿಯ ವಯಸ್ಸಿನ ಒಬ್ಬ ಮೀನು ಮಾರುವ ಹೆಂಗಸು! ಸೀರೆ ಹಸಿರೇ. ಕಂಕುಳಲ್ಲಿ ಬುಟ್ಟಿ. ಬುಟ್ಟಿಯಿಂದ ಒಂದು ಉದ್ದನೆಯ ಮೀನನ್ನು ಬಾಲ ಹಿಡಿದು ತೆಗೆದು ನನ್ನ ಕೆನ್ನೆಗೆ ಬಾರಿಸಿದಳು. ಕೈಮುಗಿದೆ, ಇನ್ನೊಮ್ಮೆ ಬಾರಿಸಿದಳು. ಉರ್ದುವಿನಲ್ಲಿ ಕ್ಷಮೆ ಕೇಳಿದೆ, ದೊಡ್ಡ ಮೀನು ಆರಿಸಿಕೊಂಡಳು! ನಮ್ಮ ಮನೆತನದಲ್ಲಿ ಮೀನಿನ ರುಚಿ ಕಂಡ ಮೊದಲಿಗ ನಾನು.

ಭೋಂಗಾ ನಿಂತಿತು. ಬಾಂಬು ಬೀಳಲಿಲ್ಲ. ಅದು ಬರೀ ತಾಲೀಮಂತೆ! ತೆಗ್ಗಿನಿಂದ ಎದ್ದು ನೀರಿನ ಕಡೆ ಓಡಿದೆ. ಗಂಟು ಇತ್ತು. ಇಬ್ಬರ ಚಪ್ಪಲಿ ಇದ್ದವು. ಹೆಜ್ಜೆಗಳು ನೀರಿನ ತನಕ ಹೋಗಿ ಅಳಿಸಿದ್ದವು. ನೀಲಮ್ಮ ಇಲ್ಲ. ಅತ್ತೆ ಇಲ್ಲ.

ರಾಯಚೂರಿನಿಂದ ನಾನು ಹೊತ್ತು ತಂದ ಭಯವೆಲ್ಲ ನನ್ನ ಸ್ವಂತ ಜೀವದ್ದಾಗಿತ್ತು. ಈಗ ಬಂದದ್ದು ಬೇರೆ ಭಯ. ಇಷ್ಟು ದೊಡ್ಡ ನೀರಿನಲ್ಲಿ ಎಲ್ಲಿ ಹುಡುಕಲಿ? ಒಂದು ಬಾಯಿಬಡುಕತನಕ್ಕೆ ಇಬ್ಬರನ್ನು ಇಲ್ಲಿಗೆ ಕರೆತಂದು ನುಂಗಿಸಿದೆನೇ? ಟೋಪಿ ಕೈಲಿ ಹಿಡಿದು ಬೀಸುತ್ತ, ಸಮುದ್ರಕ್ಕೆ ಮುಖ ಮಾಡಿ ಅಳುತ್ತ ಕೂಗಿದೆ: “ನೀಲಾ! ಏ ನೀಲಾ! ಅತ್ತೀ!”

ಹಿಂದಿನಿಂದ ಯಾರೋ ಕತ್ತುಪಟ್ಟಿ ಹಿಡಿದರು. ಇಬ್ಬರು ಪೊಲೀಸರು! ಅವರನ್ನು ದೂರುವಂತಿಲ್ಲ. ಮೈತುಂಬ ಮರಳು, ಮುಖದ ತುಂಬ ಮೀನಿನ ಪೊರೆ, ಯಾರೂ ಕೇಳದ ಭಾಷೆ. ಅಂಥವನೊಬ್ಬ ಸಮುದ್ರದ ಕಡೆ ಕೆಂಪು ಟೋಪಿ ಬೀಸುತ್ತಿದ್ದರೆ, ಶತ್ರುವಿನ ಹಡಗಿಗೆ ಸನ್ನೆ ಮಾಡುವ ಜಾಸೂಸ ಎಂದು ನಾನೂ ತಿಳಿಯುತ್ತಿದ್ದೆ.

ಠಾಣೆಯಲ್ಲಿ ಒಬ್ಬ ಬಿಳಿ ಸಾರ್ಜಂಟ್ ದೊರೆ ಕೂತಿದ್ದ. ಪುಣ್ಯಕ್ಕೆ ಬಳ್ಳಾರಿ ಕಡೆಯ ಒಬ್ಬ ಜಮಾದಾರ ಸಿಕ್ಕ. ದೊರೆಯ ಇಂಗ್ಲಿಷಿಗೂ ನನ್ನ ಕನ್ನಡಕ್ಕೂ ನಡುವೆ ಅವನೇ ಸೇತುವೆ.

“ಯಾವ ಊರು?”

“ಯಾದಗಿರಿ.”

ದೊರೆ ಗೋಡೆಯ ಮೇಲಿನ ನಕಾಶೆಯನ್ನು ಮೇಲಿಂದ ಕೆಳಗೆ ಹುಡುಕಿ ಏನೋ ಕೇಳಿದ.

“ದೊರೆ ಕೇಳ್ತಾರ, ಯಾದಗಿರಿ ಜಪಾನಿನಾಗ ಯಾವ ಕಡಿ ಬರ್ತದ?”

“ಶಹಾಪುರದ ಬಾಜೂಕ್ರಿ!” ಎಂದೆ. ದೊರೆ ಮತ್ತೆ ಹುಡುಕಿದ.

“ಮೊನ್ನೆ ಲಂಕಾದ ಮ್ಯಾಲ ಬಾಂಬ್ ಬಿತ್ತಲ್ಲ. ಅವಾಗ ಎಲ್ಲಿದ್ದಿ?”

“ಕಚೇರ್ಯಾಗ ಇದ್ದೆನ್ರಿ. ನನ್ನ ಹೆಂಡ್ತಿ, ಅತ್ತಿ ನೀರಾಗ ಹೋಗ್ಯಾರ್ರಿ! ಅವರನ್ನ ಮೊದಲ ಹುಡುಕ್ರಿ, ಆಮ್ಯಾಲ ಬೇಕಾದ್ರ ಗುಂಡು ಹಾಕ್ರಿ!”

ಜಮಾದಾರ ಇದನ್ನು ಹೇಳುವಷ್ಟರಲ್ಲಿ ಹೊರಗಿನ ಕೋಣೆಯಲ್ಲಿ ನಗಾರಿ ಬಾರಿಸಿತು.

“ಯಾರದೀರೋ ಒಳಗ? ನಮ್ಮ ಮನುಷ್ಯಾ ಕಳದಾನ!”

ಅತ್ತೆ! ಇಬ್ಬರೂ ಬದುಕಿದ್ದರು! ಭೋಂಗಾ ಕೂಗಿದಾಗ ಬೆಸ್ತರ ಹೆಂಗಸರು ಅವರನ್ನು ಕರೆದೊಯ್ದು, ಮಗುಚಿ ಹಾಕಿದ್ದ ದೋಣಿಯ ಕೆಳಗೆ ಕೂರಿಸಿಕೊಂಡಿದ್ದರಂತೆ. ಹೊರಗೆ ಬಂದರೆ ನಾನಿಲ್ಲ. ಅದಕ್ಕೇ ಠಾಣೆಗೆ ಬಂದಿದ್ದರು. ಜಮಾದಾರ ಹೊರಗೆ ಹೋದ.

“ಕಳೆದವರ ಹೆಸರೇನಮ್ಮ?”

ನೀಲಮ್ಮನ ಬಿಕ್ಕು ಕೇಳಿಸಿತು. “ಗಂಡನ ಹೆಸರು ಹೆಂಗ ಹೇಳ್ಲಿರಿ?”

“ಹೆಸರಿಲ್ಲದ ಹುಡುಕೂದು ಹೆಂಗ? ಗುರುತಾದ್ರೂ ಹೇಳು.”

“ಸಮುದ್ರ ಹಾರಿ ಬಂದವರು ರೀ…” ಎಂದಳು ನನ್ನ ಧರ್ಮಪತ್ನಿ. “ಲಂಕಾ ಸುಟ್ಟವರು!”

ಜಮಾದಾರ ಕರ್ತವ್ಯನಿಷ್ಠ. ಅರ್ಥ ತಲೆಗೆ ಹೋಗುವ ಮುಂಚೆಯೇ ಅದನ್ನು ಇಂಗ್ಲಿಷಿನಲ್ಲಿ ದೊರೆಗೆ ಕೂಗಿ ಹೇಳಿಬಿಟ್ಟ. ದೊರೆ ಕುರ್ಚಿಯಿಂದ ಎದ್ದ. ಅವನ ಕೈ ಸೊಂಟದ ಪಿಸ್ತೂಲಿಗೆ ಹೋಯಿತು.

ನಾನು ಮೇಜಿನ ಕೆಳಗೆ ಹೋದೆ. “ನಾ ಸುಟ್ಟಿಲ್ರಿ! ಏನೂ ಸುಟ್ಟಿಲ್ರಿ! ನಾ ಬೀಡಿ ಸೈತ ಸೇದೂದಿಲ್ರಿ!”

ನನ್ನ ದನಿ ಕೇಳಿ ಅತ್ತೆ ಒಳಗೆ ನುಗ್ಗಿದರು. ಪಿಸ್ತೂಲಿಗೂ ಮೇಜಿಗೂ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಹನುಮಂತ ಅಂತ ಅರ್ಥ ಆಗೂದಿಲ್ಲೇನೋ ನಿಮಗ? ನಮ್ಮ ಅಳಿಯಾರ ಹೆಸರು ಹನುಮಂತಪ್ಪ! ಅದೂ ಹೆಸರಿಗಷ್ಟ. ಹದ್ದು ಹಾರಿದ್ರ ನೆಲಕ್ಕ ಕೂಡೂ ಮನುಷ್ಯಾ ಲಂಕಾ ಸುಡ್ತಾನೇನು?”

ಜಮಾದಾರ ಹಣೆ ಚಚ್ಚಿಕೊಂಡು, ದೊರೆಗೆ ಮೊದಲಿನಿಂದ ಬಿಡಿಸಿ ಹೇಳಿದ. ದೊರೆ ಬಗ್ಗಿ ಮೇಜಿನ ಕೆಳಗೆ ನನ್ನನ್ನು ನೋಡಿದ. ಪೊರೆ ಅಂಟಿದ ಮುಖ ನೋಡಿದ, ನಡುಗುವ ಗೊಂಡೆ ನೋಡಿದ. ಪಿಸ್ತೂಲಿನಿಂದ ಕೈ ತೆಗೆದು ಒಂದು ಮಾತು ಹೇಳಿದ.

“ದೊರೆ ಹೇಳ್ತಾರ,” ಎಂದ ಜಮಾದಾರ, “ಜಪಾನದವ್ರ ಹತ್ರ ಇಂಥ ಜಾಸೂಸರೇ ಇದ್ರ, ಯುದ್ಧ ನಾವು ಗೆದ್ದಂಗ ಅಂತ.”

ನೀಲಮ್ಮ ಬಂದು ನನ್ನ ಶೇರವಾನಿಯ ತೋಳು ಹಿಡಿದಳು. ಊರು ಮುಟ್ಟುವ ತನಕ ಬಿಡಲಿಲ್ಲ. ಮೀನಿನ ವಾಸನೆ ಯಾಕೆ ಎಂದೂ ಕೇಳಲಿಲ್ಲ.

ಜಮಾದಾರ ಒಂದು ಕಾಗದ ಬರೆದು ಮುಂದಿಟ್ಟ. ನಾನು ಸಹಿ ಮಾಡಲು ಟಾಕು ಹಿಡಿದೆ. “ನಿಮ್ದಲ್ಲ,” ಎಂದು ಅದನ್ನು ಕಿತ್ತುಕೊಂಡು, ಅತ್ತೆಯ ಹೆಬ್ಬೆಟ್ಟಿಗೆ ಮಸಿ ಹಚ್ಚಿದ. ಅತ್ತೆ ನನ್ನನ್ನು ಒಮ್ಮೆ ಹಿಂದೆ ಮುಂದೆ ತಿರುಗಿಸಿ ನೋಡಿ, ಎಲ್ಲ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು ಒತ್ತಿದರು.

“ಏನು ಬರದೀರಿ ಇದರಾಗ?” ಎಂದೆ.

“ಕಳೆದ ಸಾಮಾನು ಮಾಲಕರಿಗೆ ಮುಟ್ಟಿತು ಅಂತ. ಮನುಷ್ಯರಿಗೆ ಬ್ಯಾರೆ ಕಾಗದ ಇತ್ತು, ಗದ್ದಲದಾಗ ತೀರಿಹೋಗ್ಯದ.”

ಆಮೇಲೆ ಯುದ್ಧ ಮುಗಿಯಿತು, ನಿಜಾಮ ಸರ್ಕಾರವೂ ಹೋಯಿತು. ಆ ಕಾಗದವನ್ನು ಮಾತ್ರ ಯಾರೂ ರದ್ದು ಮಾಡಿಲ್ಲ. ಕಾಯದೆಯ ಪ್ರಕಾರ ನಾನು ಇವತ್ತಿಗೂ ನಮ್ಮ ಅತ್ತೆಯ ಸಾಮಾನು!