ಮೊಳೆಯಿಲ್ಲದ ಮನೆ

ಹಳೆಯ ಮನೆ ತೋರಿಸುವ ಕೆಲಸದಲ್ಲಿ ಒಂದು ಅನುಕೂಲ ಉಂಟು. ಮನೆ ಇದ್ದಲ್ಲೇ ಇರುತ್ತದೆ, ಬರುವ ಜನ ಬದಲಾಗುತ್ತಾರೆ. ಹಾಗಾಗಿ ವಾರಕ್ಕೊಂದಾದರೂ ನಗುವಂಥದ್ದು ನಡೆಯದೆ ಇರುವುದಿಲ್ಲ.

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಮಂಗಳೂರು ಹತ್ತಿರದ ವಾಮಂಜೂರಿನಿಂದ ಸ್ವಲ್ಪ ಆಚೆ ಒಂದು ಚಾವಡಿ ಮನೆಯನ್ನು ನೋಡಿಕೊಳ್ತೇನೆ. ರಾಜರ ಕಾಲದ್ದು ಎನ್ನುತ್ತಾರೆ. ಹಲಸಿನ ಮರದ ದಪ್ಪ ಕಂಬಗಳು, ಕಪ್ಪಗಾದ ಜಂತಿಗಳು, ನಡುವೆ ಇಡೀ ಊರೇ ಕೂರಬಹುದಾದ ಚಾವಡಿ. ಈಗಿನ ಧಣಿ ಮರದ ವ್ಯಾಪಾರ ಮಾಡುವ ಬ್ಯಾರಿ ಹಾಜಿಯವರು. ಮರಕ್ಕೆಂದು ಕೊಂಡ ಮನೆಯನ್ನು ಕೆಡವಲು ಮನಸ್ಸಾಗದೆ ಉಳಿಸಿಕೊಂಡವರು. ರಿಪೇರಿಗೆ ಒಬ್ಬರು ಆಚಾರಿ ಇದ್ದಾರೆ. ಹಿಂದಿನ ಧಣಿಗಳ ಕಾಲದಿಂದಲೂ ಇದ್ದವರು, ಮಾತು ಕಡಿಮೆ.

ತಗ್ಗು ಬಾಗಿಲು

ಚಾವಡಿಯ ಬಾಗಿಲು ನನ್ನ ಮೂಗಿನ ಮಟ್ಟಕ್ಕೆ ಬರುತ್ತದೆ. ಬಂದವರಿಗೆಲ್ಲ "ಬಗ್ಗಿ ಬನ್ನಿ" ಎನ್ನುವುದೇ ನನ್ನ ಮೊದಲ ಕೆಲಸ. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ಹೆಂಡತಿಯ ಜೊತೆ ಬಂದರು. ಆರಡಿಯ ಆಳು.

"ಇಷ್ಟು ವರ್ಷದ ಸರ್ವಿಸಿನಲ್ಲಿ ನಾನು ಯಾರ ಮುಂದೆಯೂ ಬಗ್ಗಿದವನಲ್ಲ" ಎಂದು ನಗುತ್ತಾ ನೇರ ನಡೆದರು. ಟಪ್ಪೆಂದು ಕೇಳಿಸಿತು.

ಒಳಗೆ ಕೂರಿಸಿ ಹಣೆಗೆ ಒದ್ದೆ ಬಟ್ಟೆ ಇಟ್ಟೆವು. ಸ್ವಲ್ಪ ಹೊತ್ತಿನ ಮೇಲೆ, "ಈ ಬಾಗಿಲು ಎಷ್ಟು ಹಳೆಯದು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಹೇಳಿದರು, "ನಿಮಗಿಂತ ಸೀನಿಯರ್."

ಕೊಡೆ

"ಈ ಮನೆಯಲ್ಲಿ ಒಂದೇ ಒಂದು ಕಬ್ಬಿಣದ ಮೊಳೆ ಇಲ್ಲ, ಎಲ್ಲ ಮರದ ಬೆಣೆ" ಎನ್ನುವಾಗ ನನ್ನ ಸ್ವರ ತಾನಾಗಿಯೇ ಏರುತ್ತದೆ. ಬಜಪೆ ಕಡೆಯ ಶಾಲೆಯ ಮಕ್ಕಳು ಬಂದಿದ್ದಾಗಲೂ ಹಾಗೇ ಏರಿತು. ಹಿಂದಿನಿಂದ ಒಬ್ಬಳು ಹುಡುಗಿ ಕೈ ಎತ್ತಿದಳು.

"ಸರ್, ಆ ಕೊಡೆ ಎಂತದರಲ್ಲಿ ನೇತಾಡ್ತಾ ಉಂಟು?"

ಕೊಡೆ ನನ್ನದು. ಮೊಳೆಯೂ ನನ್ನದೇ, ಕಳೆದ ಮಳೆಗಾಲದಲ್ಲಿ ಹೊಡೆದದ್ದು. ಮಕ್ಕಳು ಹೋದ ಮೇಲೆ ಆಚಾರಿ ಬಂದು ಮೊಳೆ ಕಿತ್ತರು, ತೂತಿಗೆ ಸಣ್ಣ ಬೆಣೆ ತುಂಬಿಸಿದರು, ಮೊಳೆಯನ್ನು ನನ್ನ ಅಂಗೈಯಲ್ಲಿಟ್ಟರು.

"ಈಗ ಹೇಳಿ ಮಾಷ್ಟ್ರೇ, ತೊಂದರೆ ಇಲ್ಲ."

ಬಲೆ

ಮದುವೆಗೆ ಮುಂಚಿನ ಫೋಟೋ ತೆಗೆಸಲು ಜೋಡಿಗಳು ಬರುವುದುಂಟು. ಒಬ್ಬ ಫೋಟೋಗ್ರಾಫರ್ ಚಾವಡಿಯ ಮೂಲೆ ಮೂಲೆ ನೋಡಿ, ಗುಡಿಸುವ ಅಕ್ಕನ ಹತ್ತಿರ, "ಅಕ್ಕ, ಸ್ವಲ್ಪ ಜೇಡರ ಬಲೆ ಇದ್ದಿದ್ದರೆ ಹಳೇ ಕಾಲದ ಫೀಲ್ ಬರ್ತಿತ್ತು" ಎಂದ.

ಬೆಳಗಿನಿಂದ ಗುಡಿಸಿದ್ದ ಅಕ್ಕ ಜೋಡಿಯನ್ನೊಮ್ಮೆ ನೋಡಿದರು. "ಈಗಲೇ ಎಂತಕ್ಕೆ ಮಾರಾಯ, ಮದುವೆ ಆದ ಮೇಲೆ ಬಲೆ ಇದ್ದೇ ಉಂಟಲ್ಲ."

ಎಲ್ಲರೂ ಮುಟ್ಟುವ ಕಂಬ

ಒಂದು ವರ್ಷ ಹೆಂಚುಗಳೆಲ್ಲ ಸೋರತೊಡಗಿದವು. ಹಾಜಿಯವರಿಗೂ ಸಾಕಾಗಿತ್ತು. ರೆಸಾರ್ಟಿನವರೊಬ್ಬರು ಕಂಬಗಳನ್ನು ಕ್ರಯಕ್ಕೆ ಕೇಳುತ್ತಿದ್ದರು. ಅದೇ ಹೊತ್ತಿಗೆ ಮಂಗಳೂರು ಪೇಟೆಯ ಫಳ್ನೀರಿನಲ್ಲಿ ಹಾಜಿಯವರ ಪರಿಚಯದ ದಂತವೈದ್ಯರೊಬ್ಬರ ಹತ್ತಿರ ಹಲ್ಲು ಕಟ್ಟಿಸಿಕೊಳ್ಳಲು ಇಂಗ್ಲೆಂಡಿನ ಪಕ್ಕದ ವೇಲ್ಸ್ ದೇಶದ ಒಬ್ಬ ಬಡಗಿ ಬಂದಿದ್ದ. ಅವನ ಊರಿನಲ್ಲಿಯೂ ನಡುವೆ ದೊಡ್ಡ ಹಜಾರ ಇರುವ, ಓಕ್ ಮರದ ಹಳೆಯ ಮನೆಯೊಂದು ಉಂಟಂತೆ, ಅದರ ರಿಪೇರಿ ಅವನದೇ ಅಂತೆ. ಹಾಜಿಯವರು ಅವನನ್ನು ಕರೆತಂದು ನನ್ನ ಕಿವಿಯಲ್ಲಿ ಹೇಳಿದರು, "ಇವರು ಒಳ್ಳೆಯದು ಅಂದರೆ ಹೆಂಚು ಹಾಕಿಸುವ. ಇಲ್ಲದಿದ್ದರೆ ಕೊಟ್ಟುಬಿಡುವ ಮಾಷ್ಟ್ರೇ."

ನೇರ ಅವನನ್ನು ಬಾಗಿಲ ಬಲಗಡೆಯ ಕಂಬಕ್ಕೆ ಕರೆದೊಯ್ದೆ. ಮನೆಯಲ್ಲಿ ಮೊದಲು ನಿಲ್ಲಿಸಿದ ಕಂಬ ಅದು ಎಂದು ನಾನು ಎಲ್ಲರಿಗೂ ಹೇಳುವುದು. ಜನ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ಅವನು ತಟ್ಟಿದ, ಸವರಿದ, ಬೆಣೆಗೆ ಕಣ್ಣು ಹತ್ತಿರ ತಂದ. ಆಮೇಲೆ ಹಲ್ಲಿನ ಇಂಜೆಕ್ಷನ್ನಿಗೆ ಮರಗಟ್ಟಿದ ಬಾಯಲ್ಲಿ ನಿಧಾನವಾಗಿ ಹೇಳಿದ, "ತುಂಬಾ ಒಳ್ಳೆಯ ಕೆಲಸ. ಆದರೆ ಇದು ಹೊಸತು."

ಹಾಜಿಯವರ ಮುಖ ಸಪ್ಪಗಾಯಿತು. ಮೂಲೆಯಲ್ಲಿದ್ದ ಆಚಾರಿ, "ಎಂತ ಹೇಳ್ತಾರೆ?" ಎಂದರು. ಹೇಳಿದೆ.

"ಸರಿಯೇ ಹೇಳಿದರು. ಹಳೆಯದಕ್ಕೆ ಗೆದ್ದಲು ಹಿಡಿದಿತ್ತು. ಹಿಂದಿನ ಧಣಿಗಳ ಕಾಲದಲ್ಲಿ ನಾನೇ ಮಾಡಿ ನಿಲ್ಲಿಸಿದ್ದು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದೆ.

"ನೀವು ಕೇಳಲಿಲ್ಲ ಅಲ್ವಾ?"

ಹಾಜಿಯವರು ಕಂಬದ ಸುತ್ತ ಒಂದು ಸುತ್ತು ಬಂದರು. ಮರದ ವ್ಯಾಪಾರದಲ್ಲೇ ಬಾಳಿದ ತನಗೂ ಗೊತ್ತಾಗಲಿಲ್ಲವಲ್ಲ ಎಂದು ಸಣ್ಣಗೆ ನಕ್ಕರು. "ಇಂಥ ಕೈ ಮನೆಯಲ್ಲೇ ಇರುವಾಗ ಮಾರುವುದು ಎಂತಕ್ಕೆ? ಹೆಂಚಿಗೆ ಹೇಳಿ" ಎಂದರು.

ನಮ್ಮ ಮಾತೇನೆಂದು ಬಡಗಿ ಕೇಳಿದ. ನಾನು ಎಲ್ಲ ವಿವರಿಸಿದ ಮೇಲೆ ಅವನು ಹಾಜಿಯವರಿಗೆ ಕೇಳಿಸದಂತೆ ಸ್ವರ ತಗ್ಗಿಸಿದ. "ನಮ್ಮಲ್ಲಿಯೂ ಜನ ಹೆಚ್ಚು ಫೋಟೋ ತೆಗೆಯುವುದು ನಾನು ಮಾಡಿ ಹಾಕಿದ ತೊಲೆಯನ್ನೇ. ನಮ್ಮ ಧಣಿಗೆ ಇನ್ನೂ ಗೊತ್ತಿಲ್ಲ."

ಅದನ್ನು ಆಚಾರಿಗೆ ಹೇಳಿದೆ. ಅವರು ತಲೆಯಾಡಿಸಿ, ಅವನ ಭುಜದ ಮೇಲೆ ಕೈಯಿಟ್ಟು, ನನ್ನನ್ನು ಕೇಳಿದರು:

"ಅವರ ಧಣಿಯೂ ಕೇಳಲಿಲ್ಲವಂತಾ?"