ಕುರಿಗಳು ಮೆಚ್ಚಿದ ದನಿ

ಕೆಲವರು ವಯಸ್ಸು ಮುಚ್ಚಿಡುತ್ತಾರೆ, ಕೆಲವರು ನರೆಗೂದಲು ಮುಚ್ಚಿಡುತ್ತಾರೆ. ದನಿಯನ್ನು ಮಾತ್ರ ಯಾರೂ ಮುಚ್ಚಿಡಲಾರರು, ಅದರಲ್ಲೂ ನನ್ನಂಥವಳ ದನಿಯನ್ನು. ನಾನು ಕಳ್ಳಂಬೆಳ್ಳದಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಐದನೆಯ ತರಗತಿಗೆ ಮಗ್ಗಿ ಹೇಳಿಕೊಟ್ಟರೆ ಗೋಡೆಯಾಚೆಯ ನಾಲ್ಕನೆಯ ತರಗತಿಗೂ ಬಾಯಿಪಾಠವಾಗಿರುತ್ತದೆ. ಇಂಥ ನನಗೆ ದೇವರು ಗಂಟುಹಾಕಿದ್ದು ಊರ ಗ್ರಂಥಾಲಯದ ಮೇಲ್ವಿಚಾರಕರನ್ನು. 'ನಿಶ್ಶಬ್ದವಾಗಿರಿ' ಎಂಬ ಬೋರ್ಡಿನ ಕೆಳಗೆ ಅರ್ಧ ಆಯಸ್ಸು ಕಳೆದ ಮನುಷ್ಯ. ಸಾರಿಗೆ ಉಪ್ಪು ಕಡಿಮೆಯಾದರೆ ಕಿವಿಯ ಹತ್ತಿರ ಬಂದು ಗುಟ್ಟಿನಂತೆ ಹೇಳುತ್ತಾರೆ. ನಾನು "ಏನ್ರೀ, ಉಪ್ಪು ಸಾಲ್ದಾ?" ಎಂದು ಕೇಳುವಷ್ಟರಲ್ಲಿ ಎದುರುಮನೆಯ ಗೌರಜ್ಜಿ ಉಪ್ಪಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ.

ಹೋದ ವರ್ಷ ಇವರು ಒಂದು ಸಂಜೆ ಬಂದು, ನಮ್ಮ ಗ್ರಂಥಾಲಯಕ್ಕೆ ಕಲಾವಿದರ ರೆಸಿಡೆನ್ಸಿ ಬಂದಿದೆ ಎಂದು ಪಿಸುಗುಟ್ಟಿದರು. ನನಗೆ ಗೊತ್ತಿದ್ದ ರೆಸಿಡೆನ್ಸಿಗಳೆಲ್ಲ ಸಿರಾ ಬಸ್ ಸ್ಟ್ಯಾಂಡಿನ ಸುತ್ತ ಇರುವ ಲಾಡ್ಜುಗಳು. "ಪುಸ್ತಕ ಇಡಕ್ಕೇ ಜಾಗ ಇಲ್ಲ, ಲಾಡ್ಜ್ ಎಲ್ಲಿ ಕಟ್ತೀರಿ?" ಎಂದೆ. ಆಮೇಲೆ ಬಿಡಿಸಿ ಹೇಳಿದರು. ಒಬ್ಬ ಕಲಾವಿದೆ ಒಂದು ತಿಂಗಳು ಊರಲ್ಲಿದ್ದು, ಇಲ್ಲಿನ ಸದ್ದು, ಮಾತು, ಕಥೆಗಳನ್ನೆಲ್ಲ ರೆಕಾರ್ಡ್ ಮಾಡಿಕೊಂಡು, ಊರವರ ಜೊತೆ ಸೇರಿ ಕಿವಿಯಿಂದ ಕೇಳುವಂಥ ಒಂದು ಕೃತಿ ಮಾಡುತ್ತಾಳಂತೆ. ಉಳಿಯಲು ನಮ್ಮ ಮನೆಯ ಮುಂದಿನ ಕೋಣೆ ಕೊಡಬೇಕಂತೆ. ನನಗೆ ಸಂತೋಷವೇ ಆಯಿತು. ಮಾತಾಡಲು ಒಂದು ಜನವಾಯಿತಲ್ಲ!

ಬಂದವಳು ಧಾರವಾಡದ ಅನುಷಾ. ಕತ್ತಿಗೆ ಹೆಡ್‌ಫೋನು, ಕೈಯಲ್ಲಿ ಬೆಕ್ಕಿನ ಬಾಲದಂಥ ತುಪ್ಪಳ ಸುತ್ತಿದ ಮೈಕು. ಬಂದ ಮಾರನೆಯ ದಿನವೇ ಕೆಲಸಕ್ಕಿಳಿದಳು. ಆದರೆ ದಿನ ಕಳೆದಂತೆ ಹುಡುಗಿಯ ಮುಖ ಸಣ್ಣದಾಗುತ್ತ ಬಂತು. ಕೊನೆಗೆ ಒಂದು ಮಧ್ಯಾಹ್ನ ಊಟ ಮಾಡುತ್ತ ಬಾಯಿಬಿಟ್ಟಳು. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಾ ಏನ ರೆಕಾರ್ಡ್ ಮಾಡಿದ್ರೂ ಅದರಾಗ ನೀವು ಬಂದೀರಿ."

ಕೇಳಿಸಿದಳು. ಗೌರಜ್ಜಿ ತನ್ನ ಮೊದಲ ಹೆರಿಗೆಯ ಕಥೆ ಹೇಳುತ್ತಿದ್ದಾಳೆ. ಎತ್ತಿನ ಗಾಡಿ ಕೆರೆಯ ಏರಿಯ ಮೇಲೆ ಕೆಸರಲ್ಲಿ ಸಿಕ್ಕಿಕೊಂಡಿದೆ, ನೋವು ಹೆಚ್ಚುತ್ತಿದೆ. ಅಷ್ಟರಲ್ಲಿ ಹಿಂದಿನಿಂದ, ಇವರನ್ನು ಮುದ್ದೆಯೂಟಕ್ಕೆ ಕರೆಯುವ ನಾನು: "ರೀ, ಹಿಟ್ಟು ತಣ್ಣಗಾಯ್ತದೆ, ಬರ್ರೀ!" ಇನ್ನೊಂದರಲ್ಲಿ ಕೆರೆಯಂಗಳದ ಬೆಳಗಿನ ಹಕ್ಕಿಗಳು. ಕೊಕ್ಕರೆಯೊಂದು ಹಾರಿದ ರೆಕ್ಕೆಯ ಸದ್ದೂ ಕೇಳುತ್ತದೆ, ಅದರ ಬೆನ್ನಿಗೇ ನಾನು ಕೋಳಿ ಕರೆಯುವ ಸದ್ದೂ. ಕೆರೆಗೂ ನಮ್ಮ ಮನೆಗೂ ನಡುವೆ ಎರಡು ಬೀದಿ, ಒಂದು ತೆಂಗಿನ ತೋಟ!

ನಮ್ಮ ಮನೆಯವರು ಅನ್ನ ಕಲಸುತ್ತ ಮೆಲ್ಲಗೆ, "ನೀನು ಬಲಸಮುದ್ರಕ್ಕೆ ನಿಮ್ಮಣ್ಣನ ಮನೆಗೆ ಹೋಗಿ ಒಂದ್ ವಾರ ಇದ್ದು ಬರ್ತೀಯಾ?" ಎಂದರು.

"ಅಲ್ಲಿಂದ ಕೂಗಿದ್ರೆ ಇಲ್ಲಿಗೆ ಕೇಳಿಸಲ್ಲ ಅಂತ ಯಾವ ಗ್ಯಾರಂಟಿ?" ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಕೈತೊಳೆಯಲು ಎದ್ದಾಗ ಕಣ್ಣಲ್ಲಿ ನೀರು ಬಂತು. ಮದುವೆಯಾದಂದಿನಿಂದ 'ಮೆತ್ತಗೆ ಮಾತಾಡು' ಎಂದವರೆಲ್ಲ ಒಟ್ಟಿಗೆ ಎದುರಿಗೆ ಬಂದು ನಿಂತಂತಾಯಿತು. ಶಾಲೆಗೆ ಹೇಗೂ ರಜೆ ಇತ್ತು. ಆಗಲಿ ಎಂದು ಬಾಯಿಗೆ ಬೀಗ ಹಾಕಿದೆ. ಕೈಸನ್ನೆ, ಕಣ್ಸನ್ನೆಗಳಲ್ಲೇ ಸಂಸಾರ ನಡೆಯಿತು. ಹಾಲಿನವನು ಗಂಟಲುನೋವೆಂದು ತಿಳಿದು ಶುಂಠಿ ಕೊಟ್ಟುಹೋದ. ಗೌರಜ್ಜಿ ಬಾಗಿಲಿಗೆ ಬಂದು, "ಏನವ್ವಾ, ನಿಮ್ಮನೇಲಿ ಯಾರ್ಗಾದ್ರೂ ಹುಷಾರಿಲ್ವಾ? ನಿನ್ ದನಿ ಕೇಳ್ದೆ ನಂಗೆ ಹೊತ್ತೇ ಗೊತ್ತಾಗ್ತಿಲ್ಲ ಕಣಮ್ಮ, ಮಧ್ಯಾಹ್ನದ ಮಾತ್ರೆ ಮರ್ತ್‌ಬುಟ್ಟೆ" ಎಂದು ಗೊಣಗಿದಳು.

ಮೂರನೆಯ ದಿನ ಅನುಷಾ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತಳು. "ಅಕ್ಕಾರ, ನಾ ತಪ್ಪು ತಿಳಕೊಂಡಿದ್ದೆ. ನೀವು ಸುಮ್ಮನಾದ ಮ್ಯಾಲೆ ಮಾಡಿದ್ದು ಎಲ್ಲಾ ಚೊಕ್ಕ ಬಂದಾವ, ಆದ್ರ ಯಾವ ಊರಂತ ಗೊತ್ತಾಗವಲ್ದು. ನೀವಿದ್ರನ ಅದು ಕಳ್ಳಂಬೆಳ್ಳ" ಎಂದಳು. ನಾನು ಸೊಪ್ಪು ಸೋಸುತ್ತ ಬಿಗುಮಾನದಿಂದಲೇ ಇದ್ದೆ. ಅವಳು ಬಿಡಲಿಲ್ಲ. "ಇಷ್ಟು ದೊಡ್ಡ ದನಿ ಯಾರ ಕಡಿಯಿಂದ ಬಂತ್ರೀ?" ಎಂದು ಕೇಳಿದಳು.

ಅಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಮೌನ ಮುರಿದೆ. ಅಪ್ಪನ ವಿಷಯ ಹೇಳಿದೆ. ಪಾವಗಡದ ಕಡೆ, ಬಲಸಮುದ್ರದ ಹತ್ತಿರ ನಮ್ಮ ಹಟ್ಟಿ. ಅಪ್ಪ ಕುರಿ ಮೇಯಿಸುತ್ತಿದ್ದ. ಬುತ್ತಿ ಒಯ್ಯುವ ಕೆಲಸ ನನ್ನದು. ಕಣ್ಣು ಹಾಯುವಷ್ಟು ದೂರ ಬಯಲು, ಅಲ್ಲೊಂದು ಇಲ್ಲೊಂದು ಬಂಡೆ. ಈ ದಿಬ್ಬದಿಂದ ನಾನು, ಆ ದಿಬ್ಬದಿಂದ ಅಪ್ಪ, ಮಾತುಕತೆಯೆಲ್ಲ ಕೂಗಿನಲ್ಲೇ. ಅಲ್ಲಿ ಪಿಸುಗುಟ್ಟಿದರೆ ಗಾಳಿಗೂ ಕೇಳುತ್ತಿರಲಿಲ್ಲ. ಈಗ ಆ ಬಯಲಿನ ತುಂಬ ಸೋಲಾರ್ ಹಲಗೆಗಳು. ಅಪ್ಪನಿಲ್ಲ. ಅಣ್ಣ ಕುರಿ ಮಾರಿ ಅಲ್ಲೇ ಕಾವಲುಗಾರನ ಕೆಲಸಕ್ಕೆ ಸೇರಿದ್ದಾನೆ. ಚದುರಿದ ಮಂದೆಯನ್ನು ಸಂಜೆ ಒಟ್ಟುಗೂಡಿಸಲು ಅಪ್ಪ ಹಾಕುತ್ತಿದ್ದ ಕೂಗು ಈಗ ನನ್ನೊಬ್ಬಳ ಗಂಟಲಲ್ಲಿ ಉಳಿದಿದೆ ಎಂದೆ.

"ಒಮ್ಮೆ ಹಾಕ್ರಿ" ಎಂದಳು.

ನಾಲಿಗೆ ನಡುಗಿಸಿ 'ಟ್ರ್‌ರ್‌ರ್' ಎಂದು ಶುರುಮಾಡಿ, 'ಹೋಓಓಯ್' ಎಂದು ಉಸಿರು ಮುಗಿಯುವವರೆಗೆ ಎಳೆದೆ. ಗೂಡಿನಲ್ಲಿದ್ದ ಸ್ಟೀಲ್ ತಟ್ಟೆಗಳು ಗಲಗಲ ಎಂದವು. ಗ್ರಂಥಾಲಯದಿಂದ ನಮ್ಮ ಮನೆಯವರು ಚಪ್ಪಲಿಯೂ ಇಲ್ಲದೆ ಓಡಿಬಂದರು, ಗ್ಯಾಸ್ ಸಿಲಿಂಡರೇ ಹೋಯಿತೆಂದುಕೊಂಡು. ಅನುಷಾ ಮಾತ್ರ ಮೈಕು ಹಿಡಿದವಳು ಹಾಗೇ ಕೂತಿದ್ದಳು. ಅವಳ ತೋಳಿನ ಮೇಲಿನ ಕೂದಲು ನಿಮಿರಿ ನಿಂತಿದ್ದವು.

ತಿಂಗಳ ಕೊನೆಗೆ ಕೃತಿ ಸಿದ್ಧವಾಯಿತು. ಕೆರೆಯ ಏರಿಯ ಕೆಳಗಿನ ಬಯಲಲ್ಲಿ ಕುರ್ಚಿ ಹಾಕಿ, ಎರಡು ಪೆಟ್ಟಿಗೆ ಸ್ಪೀಕರು ಇಟ್ಟು, ಸಂಜೆಗೆ ಊರವರನ್ನೆಲ್ಲ ಕರೆದರು. ಗೌರಜ್ಜಿಯ ಕಥೆ, ಕಡಲೆಕಾಯಿ ಬಿಡಿಸುವ ಹೆಂಗಸರ ಹರಟೆ, ತೂಬಿನ ನೀರು, ನಡುನಡುವೆ ನನ್ನ ಕೂಗಾಟ. 'ಹಿಟ್ಟು ತಣ್ಣಗಾಯ್ತದೆ' ಎಂದಾಗ ಇಡೀ ಸಭೆ ನಮ್ಮ ಮನೆಯವರತ್ತ ತಿರುಗಿ ಗೊಳ್ಳೆಂದಿತು. ಕೊನೆಯಲ್ಲಿ ಎಲ್ಲ ಸದ್ದೂ ಅಡಗಿ, ಅಪ್ಪನ ಕೂಗು ನನ್ನ ದನಿಯಲ್ಲಿ ಬಂತು.

ಆಗಲೇ ಏರಿಯ ಮೇಲೆ ಧೂಳೆದ್ದಿತು. ಊರೂರು ಅಲೆಯುತ್ತ ಬಂದಿದ್ದ ಕುರಿಮಂದೆಯೊಂದು ಅತ್ತ ಹೋಗುತ್ತಿದ್ದುದು ಗಕ್ಕನೆ ನಿಂತು, ತಲೆಯೆತ್ತಿ, ಇಳಿಜಾರಿನಲ್ಲಿ ಸೀದಾ ನಮ್ಮತ್ತ ನುಗ್ಗಿತು. ಕುರ್ಚಿಗಳು ಉರುಳಿದವು. ಪಂಚಾಯಿತಿ ಅಧ್ಯಕ್ಷರಿಗೆ ತಂದಿದ್ದ ಹಾರವನ್ನು ಒಂದು ಟಗರು ಅಧ್ಯಕ್ಷರ ಕಣ್ಣೆದುರೇ ಮೆದ್ದಿತು. ಮಂದೆಯೆಲ್ಲ ಸ್ಪೀಕರನ್ನು ಸುತ್ತುವರಿದು, ಕರೆದವರೆಲ್ಲಿ ಎಂಬಂತೆ ನಿಂತಿತು.

ಹಿಂದಿನಿಂದ ಕುರಿಯವನು ಕೋಲೆತ್ತಿಕೊಂಡು ಬಂದ. "ಯಾವನ್ಲಾ ಅವ್ನು, ನನ್ ಕುರಿ ಕರ್ದೋನು?"

ಎಲ್ಲರೂ ನನ್ನನ್ನೇ ತೋರಿಸಿದರು. ಬೇರೆ ದಾರಿ ಕಾಣದೆ ಏರಿ ಹತ್ತಿ ನಿಂತು, ಮೈಕಿಲ್ಲದೆ, ಇನ್ನೊಮ್ಮೆ ಕೂಗಿದೆ. ಸ್ಪೀಕರ್ ಬಿಟ್ಟು ಮಂದೆಯೆಲ್ಲ ನನ್ನ ಹಿಂದೆ ಹತ್ತಿ ಬಂತು. ಕುರಿಯವನ ಕೋಲು ತಾನೇ ಇಳಿಯಿತು.

"ಏಮಮ್ಮಾ, ಇದು ಪಾವಗಡದ ಕಡೆ ಕೂಗಲ್ವಾ? ನಮ್ ತಾತಂದೂ, ನಂದೂ ಇದೇ ಕೂಗು. ನಿಂಗೆಂಗೆ ಬಂತು?"

"ನಮ್ಮಪ್ಪಂದು" ಎಂದೆ. ಅಷ್ಟೇ ಹೇಳಲಾಯಿತು, ಅದೂ, ನಂಬಿ, ಪಿಸುದನಿಯಲ್ಲಿ. ಕೆಳಗೆ ನಮ್ಮ ಮನೆಯವರು ಬಾಯಿಗೆ ಎರಡೂ ಕೈ ಹಿಡಿದು, "ನಮ್ಮನೆಯೋಳು ಕಣ್ರಪ್ಪಾ!" ಎಂದು ಕೂಗುತ್ತಿದ್ದರು. ಅವರಿಗೂ ಗಂಟಲಿದೆ ಎಂದು ಊರಿಗೆ ಗೊತ್ತಾದದ್ದು ಅಂದೇ.

ಆಮೇಲೆ ಆ ಕೃತಿಯನ್ನು ಮಧುಗಿರಿ, ಕೊರಟಗೆರೆಗಳಲ್ಲೂ ಕೇಳಿಸಿದರಂತೆ. ಕುರಿಗಳೇ ಒಪ್ಪಿದ ಮೇಲೆ ಮನುಷ್ಯರ ಚಪ್ಪಾಳೆ ಲೆಕ್ಕವಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಮೊನ್ನೆ ಭಾನುವಾರ ಊಟ ಮಾಡಿ ಕಣ್ಣು ಮುಚ್ಚಿದ್ದೆ. ಎಲ್ಲೋ ಹೆಂಗಸೊಬ್ಬಳು ಬೀದಿ ಹಾರಿಹೋಗುವಂತೆ ಕಿರುಚುತ್ತಿದ್ದಳು. ತಡೆಯಲಾರದೆ ಬಾಗಿಲಿಗೆ ಬಂದು, "ಯಾರಮ್ಮಾ ಅದು? ಮನುಷ್ಯರು ಮಲಗೋದ್ ಬ್ಯಾಡ್ವಾ? ಏನ್ ಗಂಟಲಪ್ಪಾ ಇದು!" ಎಂದು ಗದರಿದೆ.

ಎದುರಿನ ಜಗಲಿಯಿಂದ ಗೌರಜ್ಜಿಯ ಮೊಮ್ಮಗಳು ಮೊಬೈಲ್ ಎತ್ತಿ ತೋರಿಸಿದಳು. "ಟೀಚರಕ್ಕಾ, ನೀವೇ ಕಣಕ್ಕ ಇದು."

ಸೆರಗು ಸರಿಮಾಡಿಕೊಂಡು ಹೇಳಿದೆ: "ಅಂಗಾದ್ರೆ ಇನ್ನೊಂಚೂರು ಜೋರಾಗ್ ಹಾಕಮ್ಮ, ಒಳಗಡೆ ಸರ್ಯಾಗ್ ಕೇಳಿಸ್ತಿಲ್ಲ."