ಚಿಕ್ಕಪ್ಪನ ಜುಕಿನಿ ಶನಿವಾರ

ರಿಬ್ಬನ್ ಕತ್ತರಿಸದೆ ಕರಿಬೇವಿನ ಗಿಡವನ್ನೂ ನೆಡಬಾರದು ಎಂದು ನಂಬಿರುವ ಮನುಷ್ಯ ಇಡೀ ಗವಿಪುರದಲ್ಲಿ ಒಬ್ಬರೇ. ನಮ್ಮ ಚಿಕ್ಕಪ್ಪ! ತಪ್ಪು ಅವರದಲ್ಲ ಬಿಡಿ. ಕಂಪನಿಯೊಂದರ ಸಿಎಸ್‌ಆರ್ ವಿಭಾಗದಲ್ಲಿ, ಅಂದರೆ ಲಾಭದಲ್ಲೊಂದು ಪಾಲನ್ನು ಹಳ್ಳಿಗಳ ಒಳಿತಿಗೆ ಖರ್ಚು ಮಾಡುವ ಕಡೆ, ವರ್ಷಗಟ್ಟಲೆ ದುಡಿದವರು. ಮನೆಗೆ ಹೊಸ ಮಿಕ್ಸಿ ಬಂದಾಗಲೂ ಬ್ಯಾನರ್ ಕಟ್ಟಿ, ಚಿಕ್ಕಮ್ಮನನ್ನು 'ಫಲಾನುಭವಿ' ಎಂದು ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆಸಿದ್ದರು.

"ಸ್ವಲ್ಪ ನಗೇ!"

"ಮೊದ್ಲು ಚಟ್ನಿ ನುಣ್ಣಗಾಗ್ಲಿ, ಆಮೇಲೆ ನಗ್ತೀನಿ."

ಅವರ ಕೊನೆಯ ಘನಕಾರ್ಯವೆಂದರೆ ಕನಕಪುರದ ಕಡೆಯ ಹಳ್ಳಿಯೊಂದರ ಹೆಂಗಸರಿಗೆ ಜುಕಿನಿ ಎಂಬ ವಿದೇಶಿ ತರಕಾರಿಯ ಬೀಜ ಹಂಚಿದ್ದು. "ನೀವು ಬೆಳೀರಿ, ಮಾರೋ ಜವಾಬ್ದಾರಿ ನಂದು!" ಎಂದು ಮೈಕಿನಲ್ಲಿ ಹೇಳಿಯೂಬಿಟ್ಟರು. ಪೇಪರಿನಲ್ಲಿ ಫೋಟೊ ಬಂತು, ಚಿಕ್ಕಪ್ಪ ನಿವೃತ್ತರಾದರು, ಕಂಪನಿ ಯೋಜನೆಯನ್ನೇ ಕೈಬಿಟ್ಟಿತು. ಪಾಪ, ಜುಕಿನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅದು ಬೆಳೆಯಿತು!

ಅಂದಿನಿಂದ ಪ್ರತಿ ಶನಿವಾರ ಅವರ ಮನೆ ಮುಂದೆ ಆ ಹಳ್ಳಿಯಿಂದ ಜುಕಿನಿ ಹೊತ್ತ ಟೆಂಪೊ ನಿಲ್ಲುತ್ತದೆ. ಕೊಂಡುಕೊಳ್ಳಿ ಎಂದು ಚಿಕ್ಕಪ್ಪ ನೆಂಟರಿಷ್ಟರಿಗೆಲ್ಲ ಫೋನು ಮಾಡುತ್ತಾರೆ. ನಾವು ಎತ್ತುವುದಿಲ್ಲ. ಅವರೇ ಚೀಲ ಹೊತ್ತು ಬಾಗಿಲಿಗೆ ಬರುತ್ತಾರೆ. ಸೌತೆಕಾಯಿಯಂತೆ ಕಾಣುವ, ಸೌತೆಕಾಯಿಯ ಒಂದು ಗುಣವೂ ಇಲ್ಲದ ಆ ಕಾಯಿಯ ಹುಳಿ, ಗೊಜ್ಜು, ಸಂಡಿಗೆ ಎಲ್ಲವೂ ಆಯಿತು. ಕೊನೆಗೆ ತಾತನ ತಿಥಿಗೂ ತಂದರು! ಕೋಸು, ಟೊಮೆಟೊಗಳೇ ಅವತ್ತು ಅಡುಗೆಮನೆ ಹೊಗುವಂತಿಲ್ಲ, ಇನ್ನು ಇದು?

"ಜುಕಿನಿ ಬೇಡ ಅಂತ ಶಾಸ್ತ್ರದಲ್ಲಿ ಎಲ್ಲಿದೆ, ತೋರ್ಸಿ," ಎಂದು ಪುರೋಹಿತರಿಗೇ ಸವಾಲು ಹಾಕಿದರು.

"ಬೇಕು ಅಂತಾನೂ ಇಲ್ವಲ್ಲ ಸ್ವಾಮಿ!"

ತಾತ ಪಾರಾದರು. ಪುರೋಹಿತರು ಪಾರಾಗಲಿಲ್ಲ, ಹೊರಡುವಾಗ ಅವರ ಕೈಯಲ್ಲಿ ಎರಡು ಕೆಜಿ ಇತ್ತು.

ಕಳೆದ ತಿಂಗಳು ಚಿಕ್ಕಪ್ಪ ಜ್ವರ ಬಂದು ಮಲಗಿದರು. ಶನಿವಾರ ಯಾರಿಗೂ ಫೋನು ಬರಲಿಲ್ಲ. ಸದ್ಯ ಬಚಾವ್ ಎಂದು ನಾನು ಹಿಗ್ಗಬೇಕಿತ್ತಲ್ಲವೇ? ಮನಸ್ಸು ತಡೆಯಲಿಲ್ಲ, ಚೀಲ ಹಿಡಿದು ಹೊರಟೆ. ಹೋಗಿ ನೋಡಿದರೆ ಚಿಕ್ಕಮ್ಮ ಜಗುಲಿಯಲ್ಲಿ ತಕ್ಕಡಿ ಹಿಡಿದಿದ್ದಾರೆ. ಮುಂದೆ ಅತ್ತೆ, ಮಲ್ಲೇಶ್ವರದ ಭಾವ, ಕೊನೆಗೆ ಆ ಪುರೋಹಿತರೂ ಕ್ಯೂ ನಿಂತಿದ್ದಾರೆ! ನನ್ನ ಸರದಿ ಬರುವಷ್ಟರಲ್ಲಿ ಬುಟ್ಟಿ ಖಾಲಿ.

ಒಳಗೆ ಹೋದೆ. ಚಿಕ್ಕಪ್ಪ ಕಣ್ಣು ಬಿಟ್ಟು, "ಎಷ್ಟು ಉಳೀತೋ?" ಎಂದರು.

"ಒಂದೂ ಇಲ್ಲ ಚಿಕ್ಕಪ್ಪ. ನಂಗೇ ಸಿಗ್ಲಿಲ್ಲ."

"ಸದ್ಯ. ಅವತ್ತು ಮೈಕಲ್ಲಿ ಮಾತು ಕೊಟ್ಟಿದ್ದು ಕಂಪನಿ ಅಲ್ಲ ಕಣೋ, ನಾನು."

ಖಾಲಿ ಚೀಲವನ್ನು ಮಡಿಸುತ್ತಾ ಹೇಳಿದೆ: "ಮುಂದಿನ ವಾರ ನಂಗೆ ಎರಡು ಕೆಜಿ ಎತ್ತಿಟ್ಟಿರಿ."